ಹೀಟ್ ಟ್ರೀಟ್‌ಮೆಂಟ್‌ಗೆ ಮಾಲು ಕಳಿಸುವಾಗ ಏನು ಹೇಳಬೇಕು, ವಾಪಸ್ ಬಂದಾಗ ಏನು ಕೇಳಬೇಕು: ಹಾಸನದ ಒಂದು ಸಣ್ಣ ವರ್ಕ್‌ಶಾಪಿನಿಂದ

"24 ಶಾಫ್ಟ್, ಇಎನ್ 19, ಹಾರ್ಡ್ನಿಂಗ್ ಮಾಡಿ." ಚಲನ್ ಮೇಲೆ ನಾನು ಬರೆದು ಕಳಿಸಿದ್ದು ಇಷ್ಟೇ. ಇಎನ್ 19 ಅನ್ನುವುದು ಉಕ್ಕಿನ ಒಂದು ಜಾತಿ, ಹಾರ್ಡ್ನಿಂಗ್ ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್, ಅಂದರೆ ಪಲ್ಪರ್‌ಗೆ ಹಾಕುವ ಶಾಫ್ಟ್‌ಗಳು ಅವು. ಹಾಸನದಿಂದ ಬೆಂಗಳೂರಿಗೆ ಹೋಗಿ, ಫರ್ನೇಸ್ ಕಂಡು, ವಾರದೊಳಗೆ ವಾಪಸ್ ಬಂದವು. ನೋಡೋಕೆ ಚೆನ್ನಾಗಿದ್ದವು. ಡಿಸೆಂಬರ್ ತಿಂಗಳು, ಅರೇಬಿಕಾ ಕುಯ್ಲು ಜೋರಾಗಿ ನಡೆಯುವ ಹೊತ್ತು, ಮೂಡಿಗೆರೆ ಕಡೆಯ ಒಂದು ತೋಟದಿಂದ ಫೋನ್ ಬಂತು. "ಏನ್ರೀ, ನಿಮ್ಮ ಶಾಫ್ಟ್ ಸೀಮೆಸುಣ್ಣ ಮುರಿದ ಹಾಗೆ ಮುರಿದಿದೆ. ಹಣ್ಣು ರಾಶಿ ಬಿದ್ದಿದೆ, ಏನು ಮಾಡಲಿ ಈಗ?" ಆ ವಾರ ಅಂಥ ಮೂರು ಫೋನ್ ಬಂದವು. ಮೂರೂ ಶಾಫ್ಟ್ ಕೀ ವೇ (ಕೀ ಕೂರಿಸೋಕೆ ಶಾಫ್ಟ್ ಮೇಲೆ ಕೊರೆದ ಕಾಲುವೆ) ಮೂಲೆಯಲ್ಲೇ ತುಂಡಾಗಿದ್ದವು.

ಹಾರ್ಡ್‌ನೆಸ್ ನೋಡಿಸಿದರೆ 53 ಎಚ್‌ಆರ್‌ಸಿ. ವಜ್ರದ ಮೊನೆ ಒತ್ತಿ ಗಡಸು ನೋಡುವ ಅಳತೆ ಅದು, ಅಂಕಿ ಹೆಚ್ಚಾದಷ್ಟು ಗಟ್ಟಿ, ಪೆಡಸೂ ಹೆಚ್ಚು. ನನಗೆ ಬೇಕಿದ್ದದ್ದು 28ರಿಂದ 32. ಸಿಟ್ಟಿನಲ್ಲಿ ಹೀಟ್ ಟ್ರೀಟ್‌ಮೆಂಟ್‌ನವರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಸಾರ್, ಹಾರ್ಡ್ನಿಂಗ್ ಮಾಡಿ ಅಂದ್ರಿ, ಮಾಡಿ ಕೊಟ್ವಿ. ಎಷ್ಟು ಅಂತ ಎಲ್ಲಿ ಬರೆದಿದ್ರಿ?"

ಎಲ್ಲೂ ಬರೆದಿರಲಿಲ್ಲ. ಅದೇ ಇಎನ್ 19ನ್ನು ಗಟ್ಟಿ ಮಾಡಿದ ಮೇಲೆ ಸುಮಾರು 200 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ (ಪೆಡಸು ಇಳಿಸೋಕೆ ಮತ್ತೆ ಕಾಯಿಸಿದರೆ) 50ರ ಮೇಲೆ ನಿಲ್ಲುತ್ತದೆ, 600 ಡಿಗ್ರಿ ದಾಟಿಸಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಕಬ್ಬಿಣ, ಒಂದೇ ಫರ್ನೇಸ್. ಯಾವುದು ಬೇಕು ಅಂತ ಹೇಳಬೇಕಾದವನು ನಾನು, ಅಲ್ವಾ?

ನಮ್ಮ ಕಡೆ ಸಂತೆಗೆ ಬರುವ ಕಮ್ಮಾರ ಈ ತಪ್ಪು ಮಾಡಲ್ಲ. ಕತ್ತಿ ಕೈಗೆ ಕೊಟ್ಟ ತಕ್ಷಣ ಅವನ ಮೊದಲ ಪ್ರಶ್ನೆ "ಮರಗಸಿಗಾ, ಸೌದೆ ಸೀಳೋಕಾ?" ಅಂತ. ಉತ್ತರ ಸಿಕ್ಕಿದ ಮೇಲೆಯೇ ಹದ ಕೊಡುವುದು. ಎದುರಿಗೇ ನಿಂತಿರುತ್ತೀವಿ, ಕೇಳುತ್ತಾನೆ, ಹೇಳುತ್ತೀವಿ. 180 ಕಿಲೋಮೀಟರ್ ದೂರದ ಫರ್ನೇಸ್ ಮುಂದೆ ರಾತ್ರಿ ಪಾಳಿಯಲ್ಲಿ ನಿಂತ ಹುಡುಗ ಯಾರನ್ನು ಕೇಳಬೇಕು? ಅವನ ಕೈಯಲ್ಲಿರುವುದು ನಮ್ಮ ಚಲನ್ ಒಂದೇ. ಹಾಸನ, ಚಿಕ್ಕಮಗಳೂರು ಕಡೆ ಲೇತು ಮಿಲ್ಲಿಂಗು ಇಟ್ಟುಕೊಂಡು ತೋಟದ ಮಿಷನ್, ಕ್ಯೂರಿಂಗ್ ವರ್ಕ್ಸ್, ರೈಸ್ ಮಿಲ್ ಕೆಲಸ ಮಾಡುವ ನಮ್ಮಂಥವರು ಈ ದೂರವನ್ನು ಮಾಹಿತಿಯಿಂದಲೇ ತುಂಬಬೇಕು. ಹೇಗೆ ಅಂತ, ಕೈ ಸುಟ್ಟುಕೊಂಡ ಮೇಲೆ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೀನಿ.

ಹಂತ 1: ಕಬ್ಬಿಣದ ಜಾತಕ

ಅಂಗಡಿಯವನು ಬಾಯಲ್ಲಿ "ಇಎನ್ 8" ಅಂದರೆ ಅದು ಇಎನ್ 8 ಆಗಲ್ಲ. ಜೊತೆಗೆ ಟಿಸಿ, ಅಂದರೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಹೀಟ್ ನಂಬರ್ (ಕಬ್ಬಿಣ ಕರಗಿಸಿದ ಬ್ಯಾಚಿನ ನಂಬರ್) ಇರುತ್ತದೆ, ಕಾರ್ಬನ್, ಮ್ಯಾಂಗನೀಸ್, ಕ್ರೋಮಿಯಂ ಎಷ್ಟಿದೆ ಅಂತ ಇರುತ್ತದೆ. ಇಎನ್ 8ರಲ್ಲಿ ಕಾರ್ಬನ್ 0.36ರಿಂದ 0.44 ಶೇಕಡಾ. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್) ಹೆಚ್ಚುಕಡಿಮೆ 0.2ರ ಒಳಗೆ. ಎಂಎಸ್ ತುಂಡನ್ನು ಕೆಂಪಗೆ ಕಾಯಿಸಿ ಎಷ್ಟು ಸಲ ಎಣ್ಣೆಗೆ ಅದ್ದಿದರೂ ಅದು ಗಟ್ಟಿಯಾಗಲ್ಲ, ಸಾಕಷ್ಟು ಕಾರ್ಬನ್ನೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು?

ನಮಗೆ ಒಮ್ಮೆ ಹೀಗಾಯ್ತು. 30 ಪಿನ್ ಕಳಿಸಿದ್ದೆವು, 22 ಸರಿಯಾಗಿ ಬಂದವು, 8 ಬೆಣ್ಣೆಯ ಹಾಗೆ ಮೆತ್ತಗೆ. ಫರ್ನೇಸ್‌ನವರ ಮೇಲೆ ಅನುಮಾನ ಪಟ್ಟೆವು. ಕೊನೆಗೆ ಗೊತ್ತಾಗಿದ್ದು ನಮ್ಮದೇ ಸ್ಟ್ಯಾಂಡಿನಲ್ಲಿ ಎರಡು ಜಾತಿಯ ರಾಡು ಬೆರೆತಿದ್ದು. ಅವತ್ತಿನಿಂದ ರಾಡು ಬಂದ ದಿನವೇ ಎರಡೂ ತುದಿಗೆ ಬಣ್ಣ ಬಳಿಯುತ್ತೀವಿ. ಕುಯ್ಯುವಾಗ ಬಣ್ಣದ ತುದಿ ಕೊನೆಗೆ ಉಳಿಯುವ ಹಾಗೆ ಕುಯ್ಯಬೇಕು, ಹುಡುಗರು ಇದನ್ನು ಮರೆತೇ ಮರೆಯುತ್ತಾರೆ.

ಒಂದು ಲಾಟಿನಲ್ಲಿ ಎರಡು ಹೀಟ್ ನಂಬರ್ ಮಾಲಿದ್ದರೆ ಬೇರೆ ಬೇರೆ ಕಟ್ಟಿ, ಬೇರೆ ಅಂತ ಬರೆಯಿರಿ. 0.36 ಕಾರ್ಬನ್ನಿನ ಇಎನ್ 8, 0.44 ಕಾರ್ಬನ್ನಿನ ಇಎನ್ 8 ಎರಡೂ ಸ್ಟ್ಯಾಂಡರ್ಡ್ ಪ್ರಕಾರ ಸರಿಯೇ, ಆದರೆ ಒಂದೇ ಬುಟ್ಟಿಯಲ್ಲಿ ಕಾಯಿಸಿದರೆ ಎರಡರ ಹಾರ್ಡ್‌ನೆಸ್ ಒಂದೇ ಬರಲ್ಲ.

ಮಾಲು ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನೂ ಹೇಳಿ. ಕಪ್ಪು ರಾಡಾ, ಬ್ರೈಟ್ ಬಾರಾ, ಫೋರ್ಜಿಂಗಾ? ಬ್ರೈಟ್ ಬಾರ್‌ನಲ್ಲಿ ಎಳೆದಾಗಿನ ಬಿಗಿ ಒಳಗೇ ಕೂತಿರುತ್ತದೆ, ಕಾಯಿಸಿದಾಗ ಬಿಡಿಸಿಕೊಂಡು ಶಾಫ್ಟ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಕಪ್ಪು ರಾಡಿನ ಮೇಲ್ಪದರದಲ್ಲಿ ಕಾರ್ಬನ್ ಸುಟ್ಟು ಹೋಗಿರುತ್ತದೆ, ಆ ಪದರ ತೆಗೆಯದೆ ಕಳಿಸಿದರೆ ಮೇಲೆ ಮೆತ್ತಗೆ, ಒಳಗೆ ಗಟ್ಟಿ. ಈಗಾಗಲೇ ಹದ ಮಾಡಿ ಮಾರುವ ಇಎನ್ 19ಟಿ, ಇಎನ್ 24ಟಿ ತಂದಿದ್ದರೆ ಅದನ್ನಂತೂ ಬರೆಯಲೇಬೇಕು. ಆ ಮಾಲು 248ರಿಂದ 302 ಬಿಎಚ್‌ಎನ್ (ಹಾರ್ಡ್‌ನೆಸ್‌ನ ಇನ್ನೊಂದು ಅಳತೆ) ಇರುತ್ತದೆ. ಎಷ್ಟೋ ಶಾಫ್ಟ್‌ಗೆ ಅಷ್ಟೇ ಸಾಕು, ಬೆಂಗಳೂರಿಗೆ ಕಳಿಸುವ ಖರ್ಚೇ ಇಲ್ಲ. ನನ್ನ ಪಲ್ಪರ್ ಶಾಫ್ಟ್ ಈಗ ಹೀಗೇ ನಡೆಯುತ್ತಿದೆ, ಇದನ್ನು ಹೇಳಿಕೊಟ್ಟಿದ್ದು ಅದೇ ಫರ್ನೇಸ್‌ನವರು. ಅವರ ವ್ಯಾಪಾರಕ್ಕೇ ನಷ್ಟ, ಆದರೂ ಹೇಳಿದರು.

ಹಂತ 2: ಇದು ಏನು ಕೆಲಸ ಮಾಡುತ್ತದೆ ಅಂತ ಹೇಳಿ

ಇದಕ್ಕಿಂತ ಮುಖ್ಯವಾದ ಹಂತ ಇಲ್ಲ, ಜನ ಬಿಡುವುದೂ ಇದನ್ನೇ. ಡ್ರಾಯಿಂಗ್‌ನಲ್ಲಿ ಅಳತೆ ಇರುತ್ತದೆ, ಕೆಲಸ ಇರಲ್ಲ. ಭಾಗ ಸವೆಯುತ್ತದಾ, ಹೊಡೆತ ತಿನ್ನುತ್ತದಾ, ಬಾಗುತ್ತದಾ, ತಿರುಚುತ್ತದಾ? ಯಾವ ಜಾಗದಲ್ಲಿ? ಪಲ್ಪರ್‌ನಲ್ಲಿ ಹಣ್ಣಿನ ಜೊತೆ ಕಲ್ಲು ಬಂದರೆ ಒಂದೇ ಏಟಿಗೆ ಶಾಫ್ಟ್ ಮೇಲೆ ಹೊಡೆತ. ಅಲ್ಲಿ ಗಡಸಿಗಿಂತ ತಾಳಿಕೆ ಬೇಕು. ಅದೇ ಮಿಷನ್ನಿನ ಪಿನಿಯನ್‌ಗೆ (ಸಣ್ಣ ಹಲ್ಲಿನ ಚಕ್ರ) ಹಲ್ಲಿನ ಮೇಲ್ಮೈ ಸವೆಯಬಾರದು, ಹಲ್ಲಿನ ಬುಡ ಮುರಿಯಬಾರದು. ಅಂಥದ್ದಕ್ಕೆ 20ಎಂಎನ್‌ಸಿಆರ್5 ಅಥವಾ ಇಎನ್ 353 ಅನ್ನುವ ಕಬ್ಬಿಣ ತಗೊಂಡು ಕೇಸ್ ಹಾರ್ಡ್ನಿಂಗ್ ಮಾಡಿಸುವುದು ರೂಢಿ. ಒಳಗೆ ಕಾರ್ಬನ್ ಕಡಿಮೆ, ಮೇಲೆ ಮಾತ್ರ ಕಾರ್ಬನ್ ಹತ್ತಿಸಿ ಗಟ್ಟಿ ಮಾಡುವುದು.

ಎರಡು ಸಾಲು ಸಾಕು. "ಕಾಫಿ ಪಲ್ಪರ್ ಶಾಫ್ಟ್. ನಿಮಿಷಕ್ಕೆ ಇಷ್ಟು ಸುತ್ತು. ಕಲ್ಲು ಸಿಕ್ಕಿದರೆ ಹೊಡೆತ ಬೀಳುತ್ತದೆ. ಬೇರಿಂಗ್ ಕೂರುವ ಎರಡು ಜಾಗ ಸವೆಯಬಾರದು. ಹಿಂದಿನ ಸಲ ಕೀ ವೇಯಲ್ಲಿ ಮುರಿದಿತ್ತು." ಇಷ್ಟು ಓದಿದ ಅನುಭವಸ್ಥ ತಾನೇ ಫೋನ್ ಮಾಡುತ್ತಾನೆ: "ಸಾರ್, ಪೂರ್ತಿ ಯಾಕೆ ಹಾರ್ಡ್ ಮಾಡಿಸ್ತೀರಿ, ಬೇರಿಂಗ್ ಜಾಗಕ್ಕೆ ಮಾತ್ರ ಇಂಡಕ್ಷನ್ ಮಾಡೋಣ." ಇಂಡಕ್ಷನ್ ಅಂದರೆ ಕರೆಂಟಿನ ಸುರುಳಿಯಿಂದ ಬೇಕಾದ ಜಾಗವನ್ನಷ್ಟೇ ಕಾಯಿಸಿ ಗಟ್ಟಿ ಮಾಡುವುದು.

ಮುಂದೆ ಆ ಭಾಗಕ್ಕೆ ಏನೇನು ಕಾದಿದೆ ಅಂತಲೂ ಹೇಳಿ. ಆಮೇಲೆ ಜಿಂಕ್ ಪ್ಲೇಟಿಂಗ್ ಇದೆಯಾ? ತುಂಬ ಗಟ್ಟಿ ಇರುವ ಭಾಗಕ್ಕೆ ಪ್ಲೇಟಿಂಗ್ ಮಾಡಿದರೆ ಹೈಡ್ರೋಜನ್ ಒಳಗೆ ಸೇರಿ, ನೋಡೋಕೆ ಏನೂ ಆಗಿಲ್ಲದ ಬೋಲ್ಟು ಎರಡು ದಿನ ಬಿಟ್ಟು ಪಟ್ ಅಂತ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯಲ್ಲಿ 200 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿ ಅದನ್ನು ಹೊರಗೆ ಓಡಿಸಬೇಕು. ಆಮೇಲೆ ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಹತ್ತಿಸಿ ಗಟ್ಟಿ ಮಾಡುವುದು) ಇದೆಯಾ? ಅದು 500ರಿಂದ 550 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸ. ಮೊದಲ ಟೆಂಪರಿಂಗ್ ಅದಕ್ಕಿಂತ ಮೇಲೆ ಆಗಿರಬೇಕು, ಇಲ್ಲದಿದ್ದರೆ ನೈಟ್ರೈಡಿಂಗ್ ಹೊತ್ತಿಗೆ ಒಳಗಿನ ಹದ ಇಳಿದು ಹೋಗುತ್ತದೆ. ಎರಡು ಕೆಲಸ ಎರಡು ಕಡೆ ಮಾಡಿಸುವವರು ಇದನ್ನು ಇಬ್ಬರಿಗೂ ಹೇಳಿರಬೇಕು.

ಹಂತ 3: ಹಾರ್ಡ್‌ನೆಸ್ ಬರೆಯುವ ರೀತಿ

"50 ಎಚ್‌ಆರ್‌ಸಿ" ಅಂತ ಒಂದೇ ಅಂಕಿ ಬರೆಯಬೇಡಿ. ಒಂದು ಅಂಕಿಗೆ ಯಾರೂ ಹೊಡೆಯೋಕಾಗಲ್ಲ. 48ರಿಂದ 52 ಅಂತ ಬರೆಯಿರಿ. 2 ಪಾಯಿಂಟಿನ ಗ್ಯಾಪ್ ಕೊಟ್ಟರೆ ಟೆಸ್ಟರ್‌ನ ಹೆಚ್ಚುಕಡಿಮೆಯೇ ಅದನ್ನು ನುಂಗಿಬಿಡುತ್ತದೆ. ಸುಮ್ನೆ ಬಿಗಿಯಾಗಿ ಕೇಳಿದರೆ ರೇಟು ಏರುತ್ತದೆ ಅಷ್ಟೇ. ಎಲ್ಲಿ ಅಳೆಯಬೇಕು ಅಂತ ಡ್ರಾಯಿಂಗ್ ಮೇಲೆ ಪೆನ್ನಿನಲ್ಲಿ ಒಂದು ಕ್ರಾಸ್ ಹಾಕಿ. ದಪ್ಪ ಇಎನ್ 8 ರಾಡಿನ ನಟ್ಟನಡುವೆ ಮೇಲ್ಮೈಯಷ್ಟು ಗಟ್ಟಿ ಬರಲ್ಲ, ಆ ಕಬ್ಬಿಣದ ಗುಣವೇ ಹಾಗೆ. ನಡುವಿನವರೆಗೂ ಬೇಕು ಅಂದರೆ ಇಎನ್ 19, ಇಎನ್ 24 ಕಡೆ ಹೋಗಬೇಕು.

ಕೇಸ್ ಹಾರ್ಡ್ನಿಂಗ್ ಆದರೆ ಇನ್ನೂ ಎಚ್ಚರ. ಮೂರು ವಿಷಯ ಬೇಕು: ಮೇಲ್ಮೈ ಹಾರ್ಡ್‌ನೆಸ್, ಒಳಗಿನ ಹಾರ್ಡ್‌ನೆಸ್, ಕೇಸ್ ಡೆಪ್ತ್ (ಮೇಲಿನ ಗಟ್ಟಿ ಪದರದ ಆಳ). ಜಗಳ ಬರುವುದು ಕೇಸ್ ಡೆಪ್ತ್‌ನಲ್ಲಿ. ಕಾರ್ಬನ್ ತಲುಪಿದ ಪೂರ್ತಿ ಆಳವನ್ನು ಟೋಟಲ್ ಅನ್ನುತ್ತಾರೆ. 550 ಎಚ್‌ವಿ (ವಿಕರ್ಸ್ ಅನ್ನುವ ಅಳತೆ) ಗಡಸು ಇರುವ ಆಳದವರೆಗೆ ಮಾತ್ರ ಅಳೆದರೆ ಎಫೆಕ್ಟಿವ್. ಎರಡೂ ಒಂದಲ್ಲ, ಎಫೆಕ್ಟಿವ್ ಯಾವಾಗಲೂ ಕಡಿಮೆ. ನೀವು ಒಂದು ಮನಸ್ಸಿನಲ್ಲಿಟ್ಟುಕೊಂಡು, ಅವರು ಇನ್ನೊಂದು ಅಂದುಕೊಂಡು ಕೆಲಸ ಮಾಡಿದರೆ ಇಬ್ಬರ ರಿಪೋರ್ಟೂ ಸರಿ, ಗೇರ್ ಮಾತ್ರ ತಪ್ಪು.

ಗ್ರೈಂಡಿಂಗ್ ಎಷ್ಟು ತೆಗೆಯುತ್ತೀರಿ ಅಂತ ಬರೆಯಿರಿ. 1 ಮಿ.ಮೀ. ಕೇಸ್ ಮಾಡಿಸಿ, ಬಾಗಿದೆ ಅಂತ ಒಂದು ಬದಿಯಲ್ಲಿ 0.3 ಮಿ.ಮೀ. ಉಜ್ಜಿದರೆ ಅಲ್ಲಿ ಉಳಿಯುವುದು 0.7. ಹಾಗಂತ "ಇರಲಿ, 2 ಮಿ.ಮೀ. ಹಾಕಿಬಿಡಿ" ಅನ್ನುವ ಹಾಗೂ ಇಲ್ಲ. ಕಾರ್ಬನ್ ಒಳಗೆ ಇಳಿಯುವ ಆಳ ಸಮಯದ ವರ್ಗಮೂಲದ ಹಾಗೆ ಏರುತ್ತದೆ. 925 ಡಿಗ್ರಿಯಲ್ಲಿ ಒಂದು ಗಂಟೆಗೆ ಸುಮಾರು 0.63 ಮಿ.ಮೀ., ಅದರ ಎರಡರಷ್ಟು ಬೇಕಾದರೆ ಎರಡಲ್ಲ, ನಾಲ್ಕು ಗಂಟೆ. ಮೂರರಷ್ಟಕ್ಕೆ ಒಂಬತ್ತು ಗಂಟೆ. ಬಿಲ್ಲು ಹಾಗೇ ಬೆಳೆಯುತ್ತದೆ.

ತೆಳು ಕೇಸ್ ಮೇಲೆ ಎಚ್‌ಆರ್‌ಸಿ ಒತ್ತಬೇಡಿ. 60 ಎಚ್‌ಆರ್‌ಸಿ ಬರುವಾಗ ವಜ್ರದ ಮೊನೆ 0.08 ಮಿ.ಮೀ. ಒಳಗೆ ಇಳಿದಿರುತ್ತದೆ, ಕೆಳಗೆ ಅದರ ಹತ್ತರಷ್ಟಾದರೂ ಗಟ್ಟಿ ಪದರ ಬೇಕು ಅನ್ನುವುದು ಲೆಕ್ಕ. ಅಂದರೆ 0.8 ಮಿ.ಮೀ. ಆಯ್ತು. ಕೇಸ್ 0.4 ಮಾತ್ರ ಇದ್ದರೆ ಮೊನೆಗೆ ಕೆಳಗಿನ ಮೆತ್ತನೆಯ ಭಾಗವೂ ಸಿಕ್ಕಿ ಅಂಕಿ ಕಡಿಮೆ ತೋರಿಸುತ್ತದೆ, ಕೆಲಸ ಚೆನ್ನಾಗೇ ಆಗಿರುತ್ತದೆ. ಅಂಥ ಕಡೆ ಎಚ್‌ವಿಯಲ್ಲಿ ಕೇಳಿ.

ಹಂತ 4: ಡ್ರಾಯಿಂಗ್ ಮುಗಿಯುವ ಮುಂಚೆ ಒಂದು ಫೋನ್

ಮಾಲು ರೆಡಿಯಾದ ಮೇಲೆ ಅಲ್ಲ, ಅದಕ್ಕೂ ಮುಂಚೆ. ಚೂಪಾದ ಮೂಲೆ, ಆಳವಾದ ಟೂಲ್ ಗೆರೆ, ಅಂಚಿಗೆ ತೀರ ಹತ್ತಿರ ಹೊಡೆದ ತೂತು, ಪಕ್ಕಪಕ್ಕದಲ್ಲಿ ತುಂಬ ದಪ್ಪ ಮತ್ತು ತುಂಬ ತೆಳು: ಇವೆಲ್ಲ ಎಣ್ಣೆಗೆ ಬಿದ್ದಾಗ ಬಿರುಕು ಬಿಡುವ ಜಾಗಗಳು. ನನ್ನ ಶಾಫ್ಟ್ ಮುರಿದದ್ದಕ್ಕೆ ಹಾರ್ಡ್‌ನೆಸ್ ಒಂದೇ ಕಾರಣ ಅಲ್ಲ. ಕೀ ವೇ ಬುಡದಲ್ಲಿ ರೇಡಿಯಸ್ ಇರಲಿಲ್ಲ, ಬ್ಲೇಡಿನ ಹಾಗೆ ಚೂಪು. 0.5 ಮಿ.ಮೀ. ರೇಡಿಯಸ್ ಕೊಟ್ಟಿದ್ದರೆ ಇನ್ನೊಂದಷ್ಟು ದಿನ ತಡೆಯುತ್ತಿತ್ತೇನೋ.

ಉದ್ದ ಶಾಫ್ಟ್ ಮಲಗಿಸಿ ಕಾಯಿಸಿದರೆ ಬಾಗುತ್ತದೆ, ನೇತು ಹಾಕಬೇಕು. ನೇತು ಹಾಕೋಕೆ ಹಿಡಿ ಬೇಕಲ್ಲ? ಒಂದು ತುದಿಯಲ್ಲಿ ಎಂ8 ಟ್ಯಾಪ್ ಹೊಡೆದು ಕೊಡಿ. ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಅವರು ತಂತಿ ಸುತ್ತುತ್ತಾರೆ, ಸುತ್ತಿದ ಜಾಗದಲ್ಲಿ ಕಲೆ ಉಳಿಯುತ್ತದೆ. ಅವರ ಫರ್ನೇಸ್ ಎಷ್ಟು ಆಳ ಅಂತಲೂ ಆಗಲೇ ಕೇಳಿ. ಒಂದೂಕಾಲು ಮೀಟರ್ ಶಾಫ್ಟ್ ಮಾಡಿಟ್ಟುಕೊಂಡು, ಒಂದು ಮೀಟರ್ ಫರ್ನೇಸ್ ಇರುವವರ ಗೇಟ್ ಮುಂದೆ ನಿಂತವರನ್ನು ನೋಡಿದ್ದೀನಿ.

ಥ್ರೆಡ್ ಗಟ್ಟಿಯಾಗಬಾರದು ಅಂದರೆ ಗುರುತು ಹಾಕಿ. ಕೇಸ್ ಹಾರ್ಡ್ನಿಂಗ್‌ನಲ್ಲಿ ಅಲ್ಲಿಗೆ ಪೇಸ್ಟ್ ಹಚ್ಚಿ ಕಾರ್ಬನ್ ಹತ್ತದ ಹಾಗೆ ಮಾಡುತ್ತಾರೆ. ಹೇಳದೆ ಹೋದರೆ ಥ್ರೆಡ್‌ಗೂ ಕೇಸ್ ಬಂದು ನಟ್ ಬಿಗಿ ಮಾಡುವಾಗ ಹಲ್ಲು ಉದುರುತ್ತದೆ.

ಇದೊಂದು ಮಾತ್ರ ದಯವಿಟ್ಟು ಮರೆಯಬೇಡಿ. ಎರಡೂ ಕಡೆ ಮುಚ್ಚಿ ವೆಲ್ಡ್ ಮಾಡಿದ ಪೈಪು, ಒಂದೇ ಕಡೆ ತೆರೆದಿರುವ ಆಳವಾದ ತೂತು, ಅದರೊಳಗೆ ಉಳಿದ ಕೂಲಂಟ್, ನೀರು. ಸಾಲ್ಟ್ ಬಾತ್ ಅಂದರೆ ಕರಗಿದ ಉಪ್ಪಿನ ಹೊಂಡ, ಅದರೊಳಗೆ ಒಂದು ಹನಿ ನೀರು ಹೋದರೂ ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವನ ಮುಖಕ್ಕೆ ಬೀಳುವುದು ಕುದಿಯುವ ಉಪ್ಪು. ಹೊರಗಿನಿಂದ ನೋಡಿದರೆ ಒಳಗೆ ಟೊಳ್ಳಿದೆ ಅಂತ ಅವರಿಗೆ ಗೊತ್ತಾಗಲ್ಲ, ನಮಗೆ ಮಾತ್ರ ಗೊತ್ತಿರುತ್ತದೆ. ಕೆಂಪು ಪೆನ್ನಿನಲ್ಲಿ ಬರೆಯಿರಿ, ಫೋನಿನಲ್ಲೂ ಹೇಳಿ.

ಹಂತ 5: ಚೀಟಿ

ನಾನು ಈಗ ಕಳಿಸುವ ಚೀಟಿ ಹೀಗಿರುತ್ತದೆ. ಚಲನ್ ಜೊತೆ ಪಿನ್ ಮಾಡಿ ಒಂದು, ಮಾಲಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೊಂದು, ವಾಟ್ಸಾಪ್‌ನಲ್ಲಿ ಫೋಟೋ.

ಲಾಟ್ ನಂಬರ್: 17 (ಪ್ರತಿ ಪೀಸಿನ ತುದಿಗೂ ಪಂಚ್ ಆಗಿದೆ)
ಭಾಗ: ಪಲ್ಪರ್ ಪಿನಿಯನ್, 40 ಪೀಸ್
ಕಬ್ಬಿಣ: 20ಎಂಎನ್‌ಸಿಆರ್5, ಟಿಸಿ ನಕಲು ಜೊತೆಗಿದೆ, ಎಲ್ಲವೂ ಒಂದೇ ಹೀಟ್
ಸ್ಥಿತಿ: ಫೋರ್ಜಿಂಗ್, ನಾರ್ಮಲೈಸ್ ಆಗಿದೆ, ಹಲ್ಲು ಕೊರೆದಾಗಿದೆ
ಕೆಲಸ: ಹೊಡೆತ ಇದೆ, ಹಲ್ಲು ಸವೆಯಬಾರದು
ಬೇಕಾದದ್ದು: ಕೇಸ್ ಹಾರ್ಡ್ನಿಂಗ್, ಮೇಲ್ಮೈ 58ರಿಂದ 62 ಎಚ್‌ಆರ್‌ಸಿ, ಎಫೆಕ್ಟಿವ್ ಕೇಸ್ 0.8ರಿಂದ 1.0 ಮಿ.ಮೀ., ಗ್ರೈಂಡಿಂಗ್ ಮುಂಚೆ
ಗ್ರೈಂಡಿಂಗ್: ಬೋರ್ ಮಾತ್ರ, ಬದಿಗೆ 0.15 ಮಿ.ಮೀ.; ಹಲ್ಲಿಗೆ ಇಲ್ಲ
ಕೇಸ್ ಬೇಡ: ತುದಿಯ ಥ್ರೆಡ್
ಅಳೆಯುವ ಜಾಗ: ಡ್ರಾಯಿಂಗ್‌ನಲ್ಲಿ ಕ್ರಾಸ್ ಗುರುತು
ಟೆಸ್ಟ್ ಪೀಸ್: ಅದೇ ರಾಡಿನ 2 ತುಂಡು ಇಟ್ಟಿದೆ, ಒಂದನ್ನು ಕುಯ್ದು ಕೇಸ್ ನೋಡಿ, ಇನ್ನೊಂದು ವಾಪಸ್
ಡೌಟ್ ಬಂದರೆ: ಕಾಯಿಸುವ ಮುಂಚೆ ಫೋನ್ ಮಾಡಿ, ರಾತ್ರಿ ಆದರೂ ಪರವಾಗಿಲ್ಲ

ಕೊನೆಯ ಸಾಲು ತಮಾಷೆಗೆ ಬರೆದದ್ದಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಸಲ ಫೋನ್ ಬಂದಿದೆ, ಎರಡು ಸಲವೂ ಲಾಟು ಉಳಿದಿದೆ. ಟೆಸ್ಟ್ ಪೀಸ್ ಅದೇ ಕಬ್ಬಿಣದ್ದಾಗಿರಬೇಕು, ಕೈಗೆ ಸಿಕ್ಕ ತುಂಡಲ್ಲ. ಅದಿಲ್ಲದಿದ್ದರೆ ಕೇಸ್ ಡೆಪ್ತ್ ನೋಡೋಕೆ ಒಂದು ಒಳ್ಳೆ ಪಿನಿಯನ್ನೇ ಕುಯ್ಯಬೇಕಾಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ತಲೆನೋವು. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಬೆಳಿಗ್ಗೆ ಟರ್ನ್ ಮಾಡಿದ್ದಕ್ಕೆ ಸಂಜೆಯೊಳಗೆ ತುಕ್ಕು. ಎಣ್ಣೆ ಹಚ್ಚಿ ಕಳಿಸಿ, ಆದರೆ ಏನು ಹಚ್ಚಿದ್ದೀರಿ ಅಂತ ಚೀಟಿಯಲ್ಲಿ ಇರಲಿ, ತೊಳೆಯಬೇಕಾದವರು ಅವರು. ಪೇಂಟ್, ಗ್ರೀಸ್ ಅಂತೂ ಬೇಡ. ಅದು ಸರಿಯಾಗಿ ಹೋಗದಿದ್ದರೆ ಆ ಜಾಗದಲ್ಲಿ ಕಾರ್ಬನ್ ಹತ್ತಲ್ಲ.

ಹಂತ 6: ಅವರಿಂದ ಏನು ಕೇಳಬೇಕು

ಮಾಹಿತಿ ಒಂದೇ ಕಡೆ ಹರಿದರೆ ಆಗಲ್ಲ. ರೇಟ್ ಮಾತಾಡುವ ಮುಂಚೆ ಒಂದು ಸಲ ಅವರ ಶಾಪಿಗೆ ಹೋಗಿ ಬನ್ನಿ. ಪೀಣ್ಯದ ಕಡೆ ಇಂಥ ಶಾಪ್‌ಗಳು ಸಾಕಷ್ಟಿವೆ, ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿ ಮನೆಗೆ ಬರಬಹುದು. ಫರ್ನೇಸ್ ಯಾವುದು, ಗಾಳಿ ತಾಗುತ್ತದಾ ಇಲ್ಲವಾ, ಒಂದು ಬ್ಯಾಚಿಗೆ ಎಷ್ಟು ಕೆಜಿ, ಕ್ವೆಂಚ್ (ಕಾದದ್ದನ್ನು ಎಣ್ಣೆಗೆ ಅದ್ದುವುದು) ಆದ ಮೇಲೆ ಟೆಂಪರಿಂಗ್‌ಗೆ ಹಾಕುವವರೆಗೆ ಎಷ್ಟು ಹೊತ್ತು ಬಿಡುತ್ತಾರೆ. ಈ ಕೊನೆಯ ಪ್ರಶ್ನೆ ಕೇಳಿದಾಗ ಮುಖ ನೋಡಿ. ಕ್ವೆಂಚ್ ಆದ ಭಾಗ ಗಾಜಿದ್ದ ಹಾಗೆ, ಒಳಗೆ ಬಿಗಿ ತುಂಬಿಕೊಂಡಿರುತ್ತದೆ. ಶನಿವಾರ ಸಂಜೆ ಎಣ್ಣೆಗೆ ಹಾಕಿ, ಸೋಮವಾರ ಟೆಂಪರ್ ಮಾಡೋಣ ಅಂತ ಬಿಟ್ಟರೆ ಭಾನುವಾರ ಅದು ತಾನಾಗೇ ಬಿರುಕು ಬಿಡಬಹುದು.

ಕಾರಿನ ಭಾಗ ಮಾಡುವ ಹೀಟ್ ಟ್ರೀಟ್‌ಮೆಂಟ್ ಶಾಪ್‌ಗಳಲ್ಲಿ ಸಿಕ್ಯೂಐ-9 ಅನ್ನುವ ಹೆಸರು ಕಿವಿಗೆ ಬೀಳುತ್ತದೆ. ಅಮೆರಿಕದ ವಾಹನ ಉದ್ಯಮದ ಒಕ್ಕೂಟ 2006ರಲ್ಲಿ ತಂದ ಕ್ರಮ ಅದು. 2020ರಲ್ಲಿ ನಾಲ್ಕನೇ ಆವೃತ್ತಿ ಬಂತು. ಫರ್ನೇಸ್‌ನ ಉಷ್ಣ ಎಲ್ಲ ಮೂಲೆಯಲ್ಲೂ ಒಂದೇ ಇದೆಯಾ, ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಸರಿ ತೋರಿಸುತ್ತಿದೆಯಾ ಅಂತೆಲ್ಲ ನೋಡಿ, ವರ್ಷಕ್ಕೊಮ್ಮೆಯಾದರೂ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳಬೇಕು. ನಮ್ಮ ಪಲ್ಪರ್‌ಗೆ ಅಷ್ಟೆಲ್ಲ ಬೇಕಾಗಿಲ್ಲ. ಆದರೆ "ಥರ್ಮೋಕಪಲ್ ಕೊನೆಗೆ ಚೆಕ್ ಮಾಡಿದ್ದು ಯಾವಾಗ?" ಅಂತ ಕೇಳೋಕೆ ಸರ್ಟಿಫಿಕೇಟ್ ಏನೂ ಬೇಕಿಲ್ಲ.

ವಾಪಸ್ ಬರುವ ರಿಪೋರ್ಟಿನಲ್ಲಿ "ಓಕೆ" ಅಂತ ಒಂದೇ ಪದ ಇದ್ದರೆ ಒಪ್ಪಬೇಡಿ. ಎಷ್ಟು ಪೀಸ್ ನೋಡಿದರು, ಯಾವ ಯಾವ ಅಂಕಿ ಬಂತು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಎರಡನೇ ಸಲ ಫರ್ನೇಸ್‌ಗೆ ಹಾಕಿದ್ದಾರಾ. ಕೊನೆಯದ್ದನ್ನು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ಎರಡನೇ ಸಲ ಹಾಕಿದ್ದು ಪಾಪವಲ್ಲ, ಹೇಳದೆ ಇರುವುದು ಕಷ್ಟ. ಮತ್ತೆ ಕಾಯಿಸಿದ್ದರಲ್ಲಿ ಅಳತೆ ಇನ್ನಷ್ಟು ಬದಲಾಗಿರುತ್ತದೆ, ಗ್ರೈಂಡಿಂಗ್‌ಗೆ ಹಾಕುವ ಮುಂಚೆ ನಮಗೆ ಗೊತ್ತಿರಬೇಕು. ಗ್ಯಾಸಿನ ಲೆಕ್ಕ, ಎಣ್ಣೆಯ ಹೆಸರು ಇಂಥ ಕೈಚಳಕದ ವಿಷಯ ಅವರು ಹೇಳಲ್ಲ, ಕೇಳಲೂಬೇಡಿ. ನಾವೂ ನಮ್ಮ ಪಾರ್ಟಿಯ ಹೆಸರು, ರೇಟು ಅವರಿಗೆ ಹೇಳಲ್ಲವಲ್ಲ. ಡ್ರಾಯಿಂಗ್‌ನಲ್ಲಿ ಪಾರ್ಟಿ ಹೆಸರಿರುವ ಮೂಲೆಯನ್ನು ಮುಚ್ಚಿ ಜೆರಾಕ್ಸ್ ಮಾಡಿ ಕಳಿಸುತ್ತೀನಿ.

ಹಂತ 7: ಮೊದಲು ಐದು, ಆಮೇಲೆ ಇನ್ನೂರು

ಹೊಸ ಭಾಗ, ಹೊಸ ಕಬ್ಬಿಣ ಅಥವಾ ಹೊಸ ಶಾಪ್ ಆದರೆ ಪೂರ್ತಿ ಲಾಟ್ ಕಳಿಸಬೇಡಿ. ಐದು ಪೀಸ್ ಅಳೆದು ಬರೆದಿಟ್ಟುಕೊಂಡು ಕಳಿಸಿ. ಬಂದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಬೋರ್ ಎಷ್ಟು ಕುಗ್ಗಿತು, ಉದ್ದ ಎಷ್ಟು ಬೆಳೆಯಿತು ಅಂತ ಗೊತ್ತಾದರೆ ಮುಂದಿನ ಲಾಟಿಗೆ ಗ್ರೈಂಡಿಂಗ್ ಎಷ್ಟು ಬಿಡಬೇಕು ಅಂತ ನೀವೇ ಹೇಳಬಹುದು. ಆ ಅಳತೆಯನ್ನು ಅವರಿಗೂ ಕಳಿಸಿ. ತಾವು ಮಾಡಿದ ಕೆಲಸ ಎಷ್ಟು ಬಾಗುತ್ತದೆ ಅಂತ ಹೆಚ್ಚಿನ ಹೀಟ್ ಟ್ರೀಟ್‌ಮೆಂಟ್‌ನವರಿಗೆ ಗೊತ್ತೇ ಇರಲ್ಲ, ಯಾಕಂದ್ರೆ ಯಾರೂ ಅಳತೆ ವಾಪಸ್ ಹೇಳಲ್ಲ, ಬೈಗುಳ ಮಾತ್ರ ಹೇಳುತ್ತಾರೆ.

ಇದಕ್ಕೆಲ್ಲ ದಿನ ಬೇಕು. ಕುಯ್ಲು ನವೆಂಬರ್‌ಗೆ ಶುರು ಅಂದರೆ ಟ್ರಯಲ್ ಆಗಸ್ಟ್‌ಗೇ ಆಗಿರಬೇಕು.

ಹಂತ 8: ಮಾಲು ಬಂದ ದಿನ

ಫೈಲ್ ಹಾಕಿ ನೋಡುವುದು ಹಳೇ ವಿದ್ಯೆ, ಈಗಲೂ ಕೆಲಸಕ್ಕೆ ಬರುತ್ತದೆ. ಫೈಲ್ ಜಾರಿದರೆ ಗಟ್ಟಿ, ಕಚ್ಚಿದರೆ ಮೆತ್ತಗೆ. ಆದರೆ ಫೈಲ್ ಮೇಲ್ಪದರ ಮಾತ್ರ ಹೇಳುತ್ತದೆ. ಟೆಸ್ಟರ್ ಇದ್ದರೆ ಕಪ್ಪು ಪದರವನ್ನು ನಯವಾಗಿ ಉಜ್ಜಿ ತೆಗೆದು, ಕೆಳಭಾಗ ಅಲುಗದ ಹಾಗೆ ಕೂರಿಸಿ ಒತ್ತಿ. ಉಜ್ಜುವಾಗ ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಿದರೆ ನೀವೇ ಟೆಂಪರ್ ಮಾಡಿದ ಹಾಗಾಯ್ತು.

ನಿಮ್ಮ ಟೆಸ್ಟರ್ 56, ಅವರದ್ದು 59. ಈಗ ಯಾರು ಸರಿ? ಈ ಜಗಳದಲ್ಲಿ ನಾವು ಎರಡು ವರ್ಷ ಕಳೆದೆವು. ಪರಿಹಾರ ತೀರ ಸಣ್ಣದು. ಒಂದು ಟೆಸ್ಟ್ ಬ್ಲಾಕ್ (ಗಡಸು ಎಷ್ಟು ಅಂತ ಮೊದಲೇ ಗೊತ್ತಿರುವ ತುಂಡು) ತಗೊಂಡು ನಮ್ಮ ಟೆಸ್ಟರ್‌ನಲ್ಲಿ ಐದು ಸಲ ಒತ್ತಿ, ಅದೇ ಬ್ಲಾಕನ್ನು ಅವರಿಗೆ ಕಳಿಸಿ ಐದು ಸಲ ಒತ್ತಿಸಿದೆವು. ನಮ್ಮದೇ 2 ಪಾಯಿಂಟ್ ಕಡಿಮೆ ತೋರಿಸುತ್ತಿತ್ತು. ಎರಡು ವರ್ಷ ಅವರಿಗೆ ಅಂದಿದ್ದನ್ನೆಲ್ಲ ನೆನೆಸಿಕೊಂಡು ಒಂದು ಕೆಜಿ ಕಾಫಿ ಪುಡಿ ಕಳಿಸಿದೆ. ಈಗ ಆರು ತಿಂಗಳಿಗೊಮ್ಮೆ ಬ್ಲಾಕ್ ಓಡಾಡುತ್ತದೆ. ಹಾಗೂ ತೀರದಿದ್ದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ನೋಡಿಸೋಣ, ತಪ್ಪಿದವರು ಫೀಸು ಕಟ್ಟೋಣ ಅಂತ ಮೊದಲೇ ಮಾತಾಡಿಕೊಂಡಿದ್ದೀವಿ. ಆ ಮಾತಾದ ಮೇಲೆ ಲ್ಯಾಬಿಗೆ ಹೋಗುವ ಸಂದರ್ಭವೇ ಬಂದಿಲ್ಲ.

ಹಂತ 9: ಮುರಿದಾಗ

ತೋಟದವರಿಗೆ ಮೊದಲೇ ಹೇಳಿಡಿ: ಮುರಿದದ್ದನ್ನು ಬಿಸಾಡಬೇಡಿ, ವೆಲ್ಡ್ ಮಾಡಿಸಬೇಡಿ, ಎರಡು ತುಂಡನ್ನು ಸೇರಿಸಿ ನೋಡಬೇಡಿ. ಸೇರಿಸಿ ಉಜ್ಜಿದರೆ ಮುರಿದ ಮುಖದ ಗುರುತೆಲ್ಲ ಅಳಿಸಿ ಹೋಗುತ್ತದೆ. ಎಣ್ಣೆ ಹಚ್ಚಿ ಪೇಪರಿನಲ್ಲಿ ಸುತ್ತಿಡಿ. ಅದಕ್ಕೂ ಮುಂಚೆ ಎರಡು ಕಡೆಯಿಂದ ಫೋಟೋ.

ಆ ಮುಖ ಮಾತಾಡುತ್ತದೆ. ಬಿರುಕಿನ ಒಳಗೆ ಕಪ್ಪು ಸಿಪ್ಪೆ, ಪಕ್ಕದಲ್ಲಿ ಕಾರ್ಬನ್ ಸುಟ್ಟಿರುವ ಪದರ ಕಂಡರೆ ಆ ಬಿರುಕು ಕ್ವೆಂಚ್‌ಗಿಂತ ಮುಂಚೆಯೇ ಇತ್ತು, ರಾಡಿನದ್ದೋ ಫೋರ್ಜಿಂಗ್‌ನದ್ದೋ. ಹಳದಿ ಅಥವಾ ನೀಲಿ ಬಣ್ಣ ಮಾತ್ರ ಇದ್ದರೆ ಕ್ವೆಂಚ್‌ನಲ್ಲಿ ಬಿಟ್ಟ ಬಿರುಕು, ಟೆಂಪರಿಂಗ್ ಬಿಸಿಗೆ ಬಣ್ಣ ಹಿಡಿದಿದೆ. ಬೆಳ್ಳಗೆ ಹೊಳೆಯುತ್ತಿದ್ದರೆ ಎಲ್ಲ ಮುಗಿದ ಮೇಲೆ ಆಗಿದ್ದು, ಗ್ರೈಂಡಿಂಗ್‌ನಲ್ಲೋ ಮಿಷನ್ನಿನಲ್ಲೋ. ಖಚಿತ ಮಾಡಿಕೊಳ್ಳೋಕೆ ಲ್ಯಾಬ್ ಬೇಕು, ಆದರೆ ಈ ಮೂರು ಬಣ್ಣ ನೋಡಿಕೊಂಡು ಫೋನ್ ಮಾಡಿದರೆ ಮೊದಲ ಫೋನ್ ಸರಿಯಾದ ಜಾಗಕ್ಕೆ ಹೋಗುತ್ತದೆ: ಕಬ್ಬಿಣದ ಅಂಗಡಿಗಾ, ಫರ್ನೇಸ್‌ಗಾ, ಇಲ್ಲ ನಮ್ಮದೇ ಗ್ರೈಂಡಿಂಗ್ ಹುಡುಗನ ಹತ್ತಿರಾ.

ಫರ್ನೇಸ್‌ನವರಿಗೆ ಹೇಳುವಾಗ "ನಿಮ್ಮ ಕೆಲಸ ಸರಿಯಿಲ್ಲ" ಅಂತ ಶುರು ಮಾಡಬೇಡಿ, ಫೋನ್ ಎತ್ತುವುದನ್ನೇ ಬಿಡುತ್ತಾರೆ. ಲಾಟ್ ನಂಬರ್ ಹೇಳಿ, ಫೋಟೋ ಕಳಿಸಿ, ಎಷ್ಟು ದಿನ ಓಡಿತು ಅಂತ ಹೇಳಿ, ಆ ದಿನದ ಫರ್ನೇಸ್ ಚಾರ್ಟ್ ತೆಗೆದು ನೋಡಿ ಅಂತ ಕೇಳಿ. ಲಾಟ್ ನಂಬರ್ ಇಲ್ಲದಿದ್ದರೆ ಯಾವ ಚಾರ್ಟ್ ಅಂತ ಹುಡುಕುತ್ತಾರೆ ಪಾಪ. ಪ್ರತಿ ಪೀಸಿಗೂ ಪಂಚ್ ಹೊಡೆಯುವುದು ಇದಕ್ಕೇ.

ಹಂತ 10: ಒಂದು ನೋಟ್‌ಬುಕ್

ಮುರಿಯದೆ ಓಡಿದ್ದನ್ನೂ ಬರೆದಿಡಿ. ಕುಯ್ಲು ಮುಗಿದ ಮೇಲೆ, ರೋಬಸ್ಟಾ ಕೆಲಸವೂ ತಣ್ಣಗಾದ ಏಪ್ರಿಲ್‌ನಲ್ಲಿ, ನಾನು ನಾಲ್ಕೈದು ತೋಟಕ್ಕೆ ಹೋಗಿ ಪಿನಿಯನ್ ಬಿಚ್ಚಿ ಹಲ್ಲಿನ ದಪ್ಪ ಅಳೆದು ಬರುತ್ತೀನಿ. ತೋಟದ ರೈಟರ್ ಹತ್ತಿರ ಎಷ್ಟು ದಿನ ಓಡಿಸಿದರು ಅಂತ ಕೇಳಿಕೊಳ್ಳುತ್ತೀನಿ, ಅವರ ಪುಸ್ತಕದಲ್ಲಿ ಲೆಕ್ಕ ಇರುತ್ತದೆ. ಲಾಟ್ 17ರ ಪಿನಿಯನ್ ಎರಡು ಕುಯ್ಲು ಓಡಿದರೂ ಹಲ್ಲು ಹಾಗೇ ಇದೆ, ಲಾಟ್ 12ರದ್ದು ಒಂದೇ ಕುಯ್ಲಿಗೆ ಸವೆದಿದೆ. ಎರಡಕ್ಕೂ ಕಬ್ಬಿಣ ಒಂದೇ. ಹಳೇ ರಿಪೋರ್ಟ್ ಇಟ್ಟುಕೊಂಡು ಕೂತರೆ 12ರ ಎಫೆಕ್ಟಿವ್ ಕೇಸ್ 0.5 ಇತ್ತು, ಮೇಲ್ಮೈ ಹಾರ್ಡ್‌ನೆಸ್ ಸರಿ ಇದೆ ಅಂತ ನಾವೇ ಪಾಸ್ ಮಾಡಿದ್ದೆವು.

ಆ ಪುಟದ ಫೋಟೋ ತೆಗೆದು ಫರ್ನೇಸ್‌ನವರಿಗೂ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಸಾರ್, ಇಷ್ಟು ವರ್ಷದಲ್ಲಿ ಚೆನ್ನಾಗಿ ಓಡಿದೆ ಅಂತ ಹೇಳೋಕೆ ಯಾರೂ ಫೋಟೋ ಕಳಿಸಿರಲಿಲ್ಲ" ಅಂದರು. ಆಮೇಲೆ, ಮುಂದಿನ ಲಾಟಿಗೆ ಟೆಸ್ಟ್ ಪೀಸ್ ಎರಡರ ಬದಲು ಮೂರು ಇಡಿ, ಒಂದನ್ನು ನಾನೇ ಇಟ್ಟುಕೊಳ್ತೀನಿ ಅಂದರು.